ಆಟದ ಅವಧಿ ವೇಳಾಪಟ್ಟಿಯಲ್ಲಿದೆ, ಆಡಿಸುವವರಿಲ್ಲ: ರಾಷ್ಟ್ರೀಯ ಕಾರ್ಯಕ್ರಮದಿಂದ ಶಾಲೆಗೆ ಏನು ಬರಬೇಕು?

ಪ್ರಶ್ನೆ: ಬಯಲುಸೀಮೆ ಮೇಷ್ಟ್ರು

ನಮಸ್ಕಾರ. ನಾನು ಚಿತ್ರದುರ್ಗ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪ್ರಭಾರ ಮುಖ್ಯ ಶಿಕ್ಷಕನಾಗಿದ್ದೇನೆ. ಒಂದರಿಂದ ಎಂಟನೆಯ ತರಗತಿಯವರೆಗೆ 148 ಮಕ್ಕಳಿದ್ದಾರೆ. ನನ್ನನ್ನೂ ಸೇರಿಸಿ ಆರು ಮಂದಿ ಶಿಕ್ಷಕರಿದ್ದೇವೆ. ನಮ್ಮ ದೈಹಿಕ ಶಿಕ್ಷಣ ಶಿಕ್ಷಕರು ವರ್ಗವಾಗಿ ಹೋದ ಮೇಲೆ ಆ ಹುದ್ದೆಗೆ ಯಾರೂ ಬಂದಿಲ್ಲ. ವೇಳಾಪಟ್ಟಿಯಲ್ಲಿ ಆಟದ ಅವಧಿ ಹಾಗೆಯೇ ಉಳಿದಿದೆ. ಆದರೆ ಆ ಅವಧಿ ಬಂದಾಗ ಪಾಠ ಹಿಂದೆ ಬಿದ್ದಿರುವ ಶಿಕ್ಷಕರು ಮಕ್ಕಳನ್ನು ಒಳಗೇ ಕೂರಿಸಿಕೊಳ್ಳುತ್ತಾರೆ. ಇಲ್ಲವಾದರೆ ಮಕ್ಕಳನ್ನು ಬಯಲಿಗೆ ಬಿಟ್ಟು, ಒಬ್ಬರು ಜಗಲಿಯ ಮೇಲೆ ಕುಳಿತು ಇಲಾಖೆ ಕೇಳಿದ ಮಾಹಿತಿಯನ್ನು ಮೊಬೈಲಿನಲ್ಲಿ ತುಂಬುತ್ತಿರುತ್ತಾರೆ. ಅವರನ್ನು ದೂರುವ ಅಧಿಕಾರ ನನಗಿಲ್ಲ, ಏಕೆಂದರೆ ಎಷ್ಟೋ ದಿನ ಜಗಲಿಯ ಮೇಲೆ ಕುಳಿತವನು ನಾನೇ.

ಸಮಗ್ರ ಶಿಕ್ಷಣ ಯೋಜನೆಯಡಿ ನಮ್ಮಂಥ ಶಾಲೆಗೆ ಕ್ರೀಡಾ ಸಾಮಗ್ರಿಗೆಂದು ವರ್ಷಕ್ಕೆ 10,000 ರೂಪಾಯಿಯವರೆಗೆ ಅನುದಾನವಿದೆ. ಆ ಹಣದಲ್ಲಿ ಬಂದ ಫುಟ್‌ಬಾಲ್, ಸ್ಕಿಪ್ಪಿಂಗ್ ಹಗ್ಗ, ರಿಂಗ್, ಷಟಲ್ ಬ್ಯಾಟುಗಳು ಬೀರುವಿನಲ್ಲಿ ಭದ್ರವಾಗಿವೆ. ಹೊರಗೆ ತೆಗೆದರೆ ಹರಿಯುತ್ತವೆ, ಹರಿದರೆ ದಾಸ್ತಾನು ವಹಿಯಲ್ಲಿ ಉತ್ತರ ಬರೆಯಬೇಕು ಎಂಬ ಭಯ ನಮಗೆಲ್ಲ ಇದೆ. ಕೇಂದ್ರ ಸರ್ಕಾರದ ಕ್ರೀಡಾ ಕಾರ್ಯಕ್ರಮವಾದ ಖೇಲೋ ಇಂಡಿಯಾದ ದೈಹಿಕ ಕ್ಷಮತೆಯ ಪರೀಕ್ಷೆಯನ್ನೂ ಒಮ್ಮೆ ಮಾಡಿ, ಮಕ್ಕಳ ಎತ್ತರ, ತೂಕ, 50 ಮೀಟರ್ ಮತ್ತು 600 ಮೀಟರ್ ಓಟದ ಸಮಯವನ್ನು ಆ್ಯಪ್‌ಗೆ ಏರಿಸಿದೆವು. ನಮ್ಮ ಅಂಗಳವನ್ನು ಸುತ್ತಿ ಬಂದರೆ 75 ಮೀಟರ್ ಆಗುತ್ತದೆ. ಎಂಟು ಸುತ್ತು ಓಡಿಸುವಷ್ಟರಲ್ಲಿ ಮೂವರು ಮಕ್ಕಳು ಹೊಟ್ಟೆ ಹಿಡಿದುಕೊಂಡು ಕುಳಿತರು. ವಿಚಾರಿಸಿದಾಗ ಮೂವರೂ ಬೆಳಿಗ್ಗೆ ಏನನ್ನೂ ತಿಂದಿರಲಿಲ್ಲವೆಂದು ತಿಳಿಯಿತು. ಈ ಸಂಗತಿಯನ್ನು ತುಂಬಲು ಆ್ಯಪ್‌ನಲ್ಲಿ ಸ್ಥಳವಿರಲಿಲ್ಲ.

ನನ್ನ ಪ್ರಶ್ನೆ ಇದು. ರಾಷ್ಟ್ರಮಟ್ಟದ ಕಾರ್ಯಕ್ರಮವೊಂದು ಹಣ, ಸಾಮಗ್ರಿ, ಪರೀಕ್ಷೆ ಎಲ್ಲವನ್ನೂ ಕಳುಹಿಸಿದ ಮೇಲೂ ನಮ್ಮ ಮಕ್ಕಳ ಆಟದ ಅವಧಿ ಏಕೆ ಬದಲಾಗಲಿಲ್ಲ? ಬೇರೆ ಕಡೆ ಇದು ಬದಲಾಗಿದ್ದರೆ, ಯಾವುದರಿಂದ ಬದಲಾಯಿತು?

ಉತ್ತರ 1: ನಿವೃತ್ತ ಪರಿವೀಕ್ಷಕ

ಮೇಷ್ಟ್ರೇ, ತಾಲ್ಲೂಕು ದೈಹಿಕ ಶಿಕ್ಷಣ ಪರಿವೀಕ್ಷಕನಾಗಿ ನಿವೃತ್ತನಾದವನು ನಾನು. ನಿಮ್ಮ ಬೀರುವಿನಂಥ ಬೀರುಗಳನ್ನು ನೂರಾರು ನೋಡಿದ್ದೇನೆ.

ಮೊದಲು ಖೇಲೋ ಇಂಡಿಯಾ ಹುಟ್ಟಿದ ಬಗೆಯನ್ನು ಗಮನಿಸಬೇಕು. 2008ರಲ್ಲಿ ಪಂಚಾಯತಿಗಳನ್ನು ಗುರಿಯಾಗಿಟ್ಟುಕೊಂಡು ಬಂದ ‘ಪೈಕಾ’ ಯೋಜನೆ 2014ರಲ್ಲಿ ರಾಜೀವ್ ಗಾಂಧಿ ಖೇಲ್ ಅಭಿಯಾನವಾಯಿತು. ಅದನ್ನೂ ನಗರ ಕ್ರೀಡಾ ಮೂಲಸೌಕರ್ಯ ಮತ್ತು ಪ್ರತಿಭಾನ್ವೇಷಣೆಯ ಯೋಜನೆಗಳನ್ನೂ ಸೇರಿಸಿ ಖೇಲೋ ಇಂಡಿಯಾ ಮಾಡಿದರು. 2017ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಅದನ್ನು ಪರಿಷ್ಕರಿಸಿ, ಮೂರು ವರ್ಷಕ್ಕೆ 1,756 ಕೋಟಿ ರೂಪಾಯಿ ನೀಡಿ, ಹನ್ನೆರಡು ವಿಭಾಗಗಳನ್ನು ಗುರುತಿಸಿತು. ಆ ಹನ್ನೆರಡರಲ್ಲಿ ಶಾಲಾ ಮಕ್ಕಳ ದೈಹಿಕ ಕ್ಷಮತೆ ಒಂದು. ಕ್ರೀಡಾಂಗಣ, ಅಕಾಡೆಮಿ, ಪ್ರತಿಭಾನ್ವೇಷಣೆ, ವಾರ್ಷಿಕ ಸ್ಪರ್ಧೆಗಳು ಉಳಿದವುಗಳ ಸಾಲಿನಲ್ಲಿ ಬರುತ್ತವೆ. ಆಯ್ಕೆಯಾದ ಕ್ರೀಡಾಪಟುವಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯಂತೆ ಎಂಟು ವರ್ಷ ನೆರವು ಕೊಡುವ ಏರ್ಪಾಡು ನಿಜಕ್ಕೂ ದೊಡ್ಡದು, ಅದನ್ನು ಕಡೆಗಣಿಸಿ ಮಾತನಾಡಬಾರದು. ಆದರೆ ಅದು ಆಯ್ಕೆಯಾದ ಮಗುವಿನ ಯೋಜನೆ, 148 ಮಕ್ಕಳ ಯೋಜನೆಯಲ್ಲ. ಅದರ ಮೊದಲ ಕ್ರೀಡಾಕೂಟ 2018ರಲ್ಲಿ ದೆಹಲಿಯಲ್ಲಿ ‘ಶಾಲಾ ಕ್ರೀಡಾಕೂಟ’ ಎಂಬ ಹೆಸರಿನಲ್ಲಿ ನಡೆಯಿತು. ಮರುವರ್ಷ ಪುಣೆಗೆ ಬರುವಷ್ಟರಲ್ಲಿ ‘ಯುವ ಕ್ರೀಡಾಕೂಟ’ವಾಗಿ, ಹೆಸರಿನಿಂದಲೂ ಶಾಲೆ ಜಾರಿಹೋಯಿತು.

ಇದು ಕೇವಲ ಉದಾಸೀನದ ಫಲವೆಂದು ನಾನು ಹೇಳಲಾರೆ. ಸಂವಿಧಾನದಲ್ಲಿ ಕ್ರೀಡೆ ರಾಜ್ಯಪಟ್ಟಿಯ ವಿಷಯ. ಶಿಕ್ಷಣ 1976ರ ತಿದ್ದುಪಡಿಯ ನಂತರ ಸಮವರ್ತಿ ಪಟ್ಟಿಯಲ್ಲಿದೆ. ಖೇಲೋ ಇಂಡಿಯಾ ಕ್ರೀಡಾ ಸಚಿವಾಲಯದ್ದು, ಸಾಮಗ್ರಿಯ ಅನುದಾನ ಶಿಕ್ಷಣ ಸಚಿವಾಲಯದ್ದು, ಶಿಕ್ಷಕರ ನೇಮಕ ರಾಜ್ಯ ಸರ್ಕಾರದ್ದು. ಚೆಂಡು ಒಂದು ಕಡೆಯಿಂದ, ಪರೀಕ್ಷೆ ಇನ್ನೊಂದು ಕಡೆಯಿಂದ ಬರುತ್ತದೆ. ಶಿಕ್ಷಕರು ಮಾತ್ರ ಮೂರನೆಯ ಕಡೆಯಿಂದ ಬರಬೇಕು.

ಶಿಕ್ಷಣ ಹಕ್ಕು ಕಾಯ್ದೆ ನಿಮ್ಮ ನೆರವಿಗೆ ಬರಬಹುದೆಂದು ನೀವು ಭಾವಿಸಿದ್ದರೆ, ಅದರ ಅನುಸೂಚಿಯನ್ನು ಒಮ್ಮೆ ಓದಿ. ಆರರಿಂದ ಎಂಟನೆಯ ತರಗತಿಗಳಲ್ಲಿ ಮಕ್ಕಳ ದಾಖಲಾತಿ 100ನ್ನು ಮೀರಿದರೆ ಮಾತ್ರ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಕೊಡಬೇಕೆಂದು ಅಲ್ಲಿದೆ. ನಿಮ್ಮ ಶಾಲೆಯ 148 ಮಕ್ಕಳಲ್ಲಿ ಆ ಮೂರು ತರಗತಿಗಳಲ್ಲಿರುವವರು ಅರವತ್ತೋ ಎಪ್ಪತ್ತೋ ಇರಬಹುದು. ಹೀಗೆ ಹಳ್ಳಿಯ ಸಣ್ಣ ಶಾಲೆಗಳು ಈ ನಿಯಮದ ಹೊರಗೇ ಉಳಿಯುತ್ತವೆ.

ಕೇಂದ್ರವು ಶಾಲೆಗಳಿಗೆ ಜನರನ್ನೇ ಕಳುಹಿಸಿದ ಕಾಲವೂ ಒಂದಿತ್ತು. ಆಜಾದ್ ಹಿಂದ್ ಫೌಜಿನಲ್ಲಿದ್ದ ಜನರಲ್ ಜೆ.ಕೆ. ಭೋಂಸ್ಲೆಯವರ ಮುತುವರ್ಜಿಯಿಂದ 1954ರಲ್ಲಿ ರಾಷ್ಟ್ರೀಯ ಶಿಸ್ತು ಯೋಜನೆ ಆರಂಭವಾಯಿತು. ಅದರ ಬೋಧಕರು ಕೇಂದ್ರದ ಸಂಬಳ ಪಡೆದು ಶಾಲೆಗಳಲ್ಲಿ ಕೆಲಸ ಮಾಡಿದರು. ಇಂಥ ಯೋಜನೆಗಳನ್ನು ಒಗ್ಗೂಡಿಸುವ ಬಗ್ಗೆ ಪರಿಶೀಲಿಸಿದ ಕುಂಜ್ರು ಸಮಿತಿಯ ಶಿಫಾರಸಿನ ನಂತರ 1965ರಲ್ಲಿ ಅದು ರಾಷ್ಟ್ರೀಯ ಕ್ಷಮತಾ ದಳದಲ್ಲಿ ಸೇರಿತು, ಎಪ್ಪತ್ತರ ದಶಕದಲ್ಲಿ ಆ ಬೋಧಕರನ್ನು ರಾಜ್ಯಗಳಿಗೆ ವಹಿಸಲಾಯಿತು. ಕವಾಯತಿನ ವಾಸನೆ ಹೆಚ್ಚಾಗಿದ್ದ ಯೋಜನೆ ಅದು, ಅದನ್ನೇ ಮರಳಿ ತರಬೇಕೆಂದು ನಾನು ಹೇಳುತ್ತಿಲ್ಲ. ಆದರೂ ಚೆಂಡಿಗಿಂತ ಮೊದಲು ಮನುಷ್ಯನನ್ನು ಕಳುಹಿಸಬೇಕೆಂಬುದು ಆಗ ತಿಳಿದಿತ್ತು.

ಉತ್ತರ 2: ಲೆಸ್ಟರ್ ಕನ್ನಡಿಗ

ಬೇರೆ ಕಡೆ ಏನಾಯಿತೆಂದು ಕೇಳಿದ್ದೀರಿ. ನಾನು ಇಂಗ್ಲೆಂಡಿನಲ್ಲಿ ಎರಡು ದಶಕಗಳಿಂದ ಇದ್ದೇನೆ, ಮಗಳು ಓದಿದ ಪ್ರಾಥಮಿಕ ಶಾಲೆಯ ಆಡಳಿತ ಮಂಡಳಿಯಲ್ಲಿ ಪೋಷಕರ ಪ್ರತಿನಿಧಿಯಾಗಿದ್ದೆ. ಇಲ್ಲಿಯ ಅನುಭವದಲ್ಲಿ ಅನುಕರಿಸಬೇಕಾದದ್ದೂ ಇದೆ, ಎಚ್ಚರ ವಹಿಸಬೇಕಾದದ್ದೂ ಇದೆ.

ಈ ಶತಮಾನದ ಆರಂಭದಲ್ಲಿ ಇಲ್ಲಿಯ ಸರ್ಕಾರ ದೈಹಿಕ ಶಿಕ್ಷಣ, ಶಾಲಾ ಕ್ರೀಡೆ ಮತ್ತು ಊರಿನ ಕ್ಲಬ್ಬುಗಳನ್ನು ಜೋಡಿಸುವ ರಾಷ್ಟ್ರೀಯ ಕಾರ್ಯತಂತ್ರವೊಂದನ್ನು ಕೈಗೊಂಡಿತು. ಐದರಿಂದ ಹದಿನಾರು ವರ್ಷದ ಮಕ್ಕಳಿಗೆ ವಾರಕ್ಕೆ ಕನಿಷ್ಠ ಎರಡು ಗಂಟೆ ಒಳ್ಳೆಯ ಗುಣಮಟ್ಟದ ದೈಹಿಕ ಶಿಕ್ಷಣ ಮತ್ತು ಕ್ರೀಡೆ ಸಿಗಬೇಕು, 2006ರ ಹೊತ್ತಿಗೆ ಶೇಕಡ 75ರಷ್ಟು, 2008ರ ಹೊತ್ತಿಗೆ ಶೇಕಡ 85ರಷ್ಟು ಮಕ್ಕಳು ಅದನ್ನು ಪಡೆದಿರಬೇಕು ಎಂಬುದು ಗುರಿ. 2002ರಲ್ಲಿ ಆ ಪ್ರಮಾಣ ಶೇಕಡ 25ರಷ್ಟಿತ್ತೆಂದು ಸರ್ಕಾರ ಅಂದಾಜಿಸಿತ್ತು. 2007–08ರ ಸಮೀಕ್ಷೆಯಲ್ಲಿ ಅದು ಶೇಕಡ 90 ಎಂದು ದಾಖಲಾಯಿತು. ಶಾಲೆಗಳು ತಾವೇ ಕೊಟ್ಟ ಲೆಕ್ಕವಾದ್ದರಿಂದ ಅದನ್ನು ಸ್ವಲ್ಪ ಉಪ್ಪು ಖಾರ ಕಳೆದೇ ಓದಬೇಕು. ಆದರೂ ಬದಲಾವಣೆ ಕಣ್ಣಿಗೆ ಕಾಣುವಂತಿತ್ತು.

ಅದು ನಡೆದ ಬಗೆ ನಿಮಗೆ ಉಪಯೋಗವಾದೀತು. ದೇಶದ ಶಾಲೆಗಳನ್ನು 450 ಸಹಭಾಗಿತ್ವಗಳಾಗಿ ಕಟ್ಟಿದರು. ಪ್ರತಿಯೊಂದರ ನಡುವೆ ಕ್ರೀಡೆಗೆ ಒತ್ತು ಕೊಡುವ ಒಂದು ಪ್ರೌಢಶಾಲೆ, ಅಲ್ಲಿ ಈ ಕೆಲಸಕ್ಕೆಂದೇ ಇರುವ ಒಬ್ಬ ವ್ಯವಸ್ಥಾಪಕ. ಸುತ್ತಲಿನ ಪ್ರೌಢಶಾಲೆಗಳಲ್ಲಿ ಒಬ್ಬೊಬ್ಬ ಶಿಕ್ಷಕರಿಗೆ ವಾರದಲ್ಲಿ ಎರಡು ದಿನ ಪಾಠದಿಂದ ಬಿಡುವು. ಪ್ರತಿ ಪ್ರಾಥಮಿಕ ಶಾಲೆಯಲ್ಲಿ ಒಬ್ಬ ಶಿಕ್ಷಕರಿಗೆ ವರ್ಷಕ್ಕೆ ಹನ್ನೆರಡು ದಿನ ಬಿಡುವು. ಕೇಂದ್ರದ ಹಣದ ದೊಡ್ಡ ಪಾಲು ಈ ಬಿಡುವನ್ನು ಕೊಳ್ಳಲು ಹೋಯಿತು. ಬಿಡುವಾದ ಶಿಕ್ಷಕರ ಜಾಗದಲ್ಲಿ ಪಾಠ ಮಾಡುವವರಿಗೆ ಸಂಬಳ ಬೇಕಲ್ಲವೇ, ಅದನ್ನೇ ಕೊಟ್ಟರು. ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರು ಪ್ರಾಥಮಿಕ ಶಾಲೆಗೆ ಬಂದು, ಅಲ್ಲಿಯ ತರಗತಿ ಶಿಕ್ಷಕರ ಜೊತೆ ನಿಂತು ಪಾಠ ಮಾಡಿ ತೋರಿಸಿದರು.

ಮುಂದಿನ ಕಥೆ ಅಷ್ಟು ಸಂತೋಷದ್ದಲ್ಲ. 2010ರ ಅಕ್ಟೋಬರಿನಲ್ಲಿ ಹೊಸ ಸರ್ಕಾರದ ಶಿಕ್ಷಣ ಸಚಿವ ಮೈಕೇಲ್ ಗೋವ್ ಅವರು ಈ ಜಾಲಕ್ಕೆ ಮೀಸಲಾಗಿದ್ದ 16.2 ಕೋಟಿ ಪೌಂಡ್ ಅನುದಾನವನ್ನು ನಿಲ್ಲಿಸುವುದಾಗಿ ತಿಳಿಸಿದರು. ಶಾಲೆಗಳ ನಡುವಿನ ಸ್ಪರ್ಧೆ ಸಾಲದೆಂಬುದು, ಕಾಗದಪತ್ರ ಹೆಚ್ಚಾಯಿತೆಂಬುದು ಅವರ ವಾದವಾಗಿತ್ತು. ಮಕ್ಕಳು, ಶಿಕ್ಷಕರು, ಒಲಿಂಪಿಕ್ ಕ್ರೀಡಾಪಟುಗಳು ಪ್ರತಿಭಟಿಸಿದ ಮೇಲೆ ಡಿಸೆಂಬರಿನಲ್ಲಿ 6.5 ಕೋಟಿ ಪೌಂಡ್ ಮರಳಿ ಬಂದಿತು, ಅದೂ ಪ್ರೌಢಶಾಲೆಯ ಒಬ್ಬ ಶಿಕ್ಷಕರಿಗೆ ವಾರಕ್ಕೆ ಒಂದು ದಿನದ ಬಿಡುವಿಗೆ, 2013ರವರೆಗೆ ಮಾತ್ರ. ಲಂಡನ್ ಒಲಿಂಪಿಕ್ಸ್ ಎದುರಿಗಿದ್ದಾಗಲೇ ಇದು ನಡೆಯಿತೆಂಬುದನ್ನು ನೆನೆದರೆ ಇಂದಿಗೂ ವಿಚಿತ್ರವೆನಿಸುತ್ತದೆ.

2013ರಿಂದ ಹಣ ನೇರವಾಗಿ ಪ್ರಾಥಮಿಕ ಶಾಲೆಗಳಿಗೆ ಬರತೊಡಗಿತು. 2017ರಲ್ಲಿ, ಸಕ್ಕರೆ ಪಾನೀಯಗಳ ಮೇಲಿನ ಸುಂಕದ ನೆರವಿನಿಂದ, ಆ ಮೊತ್ತ ವರ್ಷಕ್ಕೆ ಸುಮಾರು 32 ಕೋಟಿ ಪೌಂಡಿಗೆ ಏರಿತು. ಹಣ ಹೆಚ್ಚಾಯಿತು, ಆದರೆ ಶಾಲೆಗಳನ್ನು ಹೆಣೆದಿದ್ದ ಜನ ಚದುರಿಹೋಗಿದ್ದರು. ಅನೇಕ ಶಾಲೆಗಳು ಹೊರಗಿನ ತರಬೇತುದಾರರನ್ನು ಗಂಟೆಗಿಷ್ಟೆಂದು ಗೊತ್ತುಮಾಡಿಕೊಂಡವು. ಅವರು ಆಡಿಸುವಾಗ ತರಗತಿ ಶಿಕ್ಷಕರು ಒಳಗೆ ಕುಳಿತು ನೋಟ್‌ಬುಕ್ ತಿದ್ದುತ್ತಿದ್ದರು. ನಮ್ಮ ಮಂಡಳಿಯ ಸಭೆಯಲ್ಲಿ ಹೀಗೆಯೇ ಆಗಲೆಂದು ಒಪ್ಪಿ ಕೈ ಎತ್ತಿದವರಲ್ಲಿ ನಾನೂ ಒಬ್ಬ. 2025ರಲ್ಲಿ ಸರ್ಕಾರ ಮತ್ತೆ ಶಾಲೆಗಳ ಸಹಭಾಗಿತ್ವದ ಜಾಲವನ್ನು ಕಟ್ಟುವುದಾಗಿ ಘೋಷಿಸಿದೆ.

ಉತ್ತರ 3: ಖೋ-ಖೋ ಟೀಚರ್, ಹಾವೇರಿ

ಹಿರಿಯರಿಬ್ಬರ ಮಾತನ್ನೂ ಗಮನವಿಟ್ಟು ಓದಿದೆ. ನಾನು ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕಿ. ಲೆಸ್ಟರಿನ ಸರ್ ಹೇಳಿದ ವ್ಯವಸ್ಥೆಯ ಬೀಜ ನಮ್ಮಲ್ಲಿಯೂ ಇದೆ: ಹಲವು ಶಾಲೆಗಳನ್ನು ಸಂಕೀರ್ಣವಾಗಿ ಜೋಡಿಸಿ, ಕಲೆ, ಸಂಗೀತ, ದೈಹಿಕ ಶಿಕ್ಷಣದ ಶಿಕ್ಷಕರನ್ನು ಅವು ಹಂಚಿಕೊಳ್ಳಬಹುದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಆದರೆ ಇದನ್ನು ಓದುವಾಗಲೇ ನನಗೆ ಅಂಜಿಕೆಯಾಗುತ್ತದೆ. ಬಿಡುವು ಕೊಡದೆ ಹಂಚಿದರೆ, ಒಂದು ಶಾಲೆಯ ಶಿಕ್ಷಕಿ ಐದು ಶಾಲೆಗಳ ದಾರಿಯಲ್ಲಿ ಬಸ್ಸಿಗೆ ಕಾಯುವವಳಾಗುತ್ತಾಳೆ. ಈಗಲೇ ಬಿಸಿಯೂಟದ ಉಸ್ತುವಾರಿ, ಮೊಟ್ಟೆಯ ಲೆಕ್ಕ, ಚುನಾವಣಾ ಕೆಲಸ, ರಜೆ ಹಾಕಿದವರ ತರಗತಿ ಎಲ್ಲಕ್ಕೂ ಮೊದಲು ಕರೆಯುವುದು ‘ಪಿ.ಟಿ. ಟೀಚರ್’ ಅನ್ನೇ. ದೈಹಿಕ ಶಿಕ್ಷಣ ಶಿಕ್ಷಕರ ಬಗೆಗಿನ ವೈದ್ಯನಾಥನ್ ವರದಿಯನ್ನು ಜಾರಿಗೊಳಿಸಿ ಎಂದು ನಮ್ಮವರು ವರ್ಷಗಳಿಂದ ಕೇಳುತ್ತಿರುವುದು ಸಂಬಳ, ಬಡ್ತಿಗಾಗಿ ಮಾತ್ರವಲ್ಲ, ಇತರ ವಿಷಯಗಳ ಶಿಕ್ಷಕರಂತೆ ನಮ್ಮನ್ನೂ ಎಣಿಸಲಿ ಎಂದು.

ಇನ್ನೊಂದು ವಿಷಯವನ್ನು ಯಾರೂ ಎತ್ತಲಿಲ್ಲ. ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ ಎಂದು ಕ್ರೀಡಾಕೂಟಗಳು ಆರಂಭವಾದೊಡನೆ ನಾವು ಹನ್ನೆರಡು ಹುಡುಗಿಯರ ಖೋ-ಖೋ ತಂಡವನ್ನು ಕಟ್ಟಿ, ಎರಡು ತಿಂಗಳು ಅವರಲ್ಲಿಯೇ ಮುಳುಗುತ್ತೇವೆ. ಶಾಲೆಗೆ ಕಪ್ ಬಂದರೆ ನನಗೆ ಶಾಲು, ಸನ್ಮಾನ. ಉಳಿದ ಇನ್ನೂರು ಹುಡುಗಿಯರು ಗೆರೆಯಾಚೆ ನಿಂತು ಚಪ್ಪಾಳೆ ತಟ್ಟುತ್ತಾರೆ. ಎಂಟನೆಯ ತರಗತಿಗೆ ಬಂದ ಮೇಲೆ ಬಹಳಷ್ಟು ಹುಡುಗಿಯರು ಬಯಲಿಗೆ ಇಳಿಯುವುದನ್ನೇ ಬಿಡುತ್ತಾರೆ. ಕೇಳಿದರೆ ‘ಹೊಟ್ಟೆನೋವು, ಟೀಚರ್’ ಎನ್ನುತ್ತಾರೆ. ನಿಜವಾದ ಕಾರಣ ನೀರಿಲ್ಲದ ಶೌಚಾಲಯ, ಮೈಮೇಲೆ ನಿಲ್ಲದ ದುಪಟ್ಟಾ, ಕಾಂಪೌಂಡಿನ ಮೇಲೆ ಕುಳಿತು ನೋಡುವ ಹುಡುಗರು. ನಮ್ಮಲ್ಲಿ ಪೋಷಕರ ಸಭೆಯಲ್ಲಿ ಮಾತನಾಡಿ, ಆಟದ ದಿನ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬರಬಹುದೆಂದು ತೀರ್ಮಾನಿಸಿದ ಮೇಲೆ ಹೊಟ್ಟೆನೋವು ಅರ್ಧಕ್ಕಿಳಿಯಿತು. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ ಅರವತ್ತು ನಿಮಿಷ ಮೈ ದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಈ ಹುಡುಗಿಯರನ್ನೂ ಸೇರಿಸಿಯೇ.

ಬಯಲುಸೀಮೆಯ ಮೇಷ್ಟ್ರೇ, ನಿಮ್ಮ ಪರೀಕ್ಷೆಯ ಅಂಕಿಗಳನ್ನು ಎಸೆಯಬೇಡಿ. ವರ್ಷಕ್ಕೆ ಎರಡು ಸಲ ಅದೇ ಅಂಗಳದಲ್ಲಿ ಅದೇ ರೀತಿ ಅಳೆದು, ಮಗುವಿನ ಹಿಂದಿನ ಅಂಕಿಯೊಡನೆ ಮಾತ್ರ ಹೋಲಿಸಿ. ಚಿಕ್ಕ ಮಕ್ಕಳ ಒಂಟಿಕಾಲಿನ ಸಮತೋಲನದ ಪರೀಕ್ಷೆಗೆ ಬೇರೆ ಸಿದ್ಧತೆಯೇ ಬೇಡ. ದಿನಾ ಕುಂಟೆಬಿಲ್ಲೆ ಆಡಲು ಬಿಟ್ಟರೆ ಸಾಕು. ಫುಟ್‌ಬಾಲ್ ಹರಿದರೆ ‘ಬಳಕೆಯಿಂದ ಸವೆದಿದೆ’ ಎಂದು ವಹಿಯಲ್ಲಿ ಬರೆದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಡಾವಳಿ ಮಾಡಿಸಿಕೊಳ್ಳಿ. ನಾನು ಪ್ರತಿ ವರ್ಷ ಹಾಗೆಯೇ ಮಾಡುತ್ತೇನೆ, ಇದುವರೆಗೆ ಯಾರೂ ಆಕ್ಷೇಪಿಸಿಲ್ಲ.

ಪ್ರಶ್ನೆ ಕೇಳಿದವರ ಮರುನುಡಿ: ಬಯಲುಸೀಮೆ ಮೇಷ್ಟ್ರು

ಮೂವರಿಗೂ ಕೃತಜ್ಞತೆಗಳು. ಪರಿವೀಕ್ಷಕರು ಊಹಿಸಿದ್ದು ಸರಿ: ಆರರಿಂದ ಎಂಟರವರೆಗೆ ನಮ್ಮಲ್ಲಿ 63 ಮಕ್ಕಳಿದ್ದಾರೆ. ನೂರರ ಗಡಿಯ ಸಂಗತಿ ಇಷ್ಟು ವರ್ಷ ನನಗೆ ತಿಳಿದಿರಲಿಲ್ಲ.

ನಾಲ್ಕು ಕಿಲೋಮೀಟರ್ ದೂರದ ಪ್ರೌಢಶಾಲೆಯಲ್ಲಿ ಒಬ್ಬ ದೈಹಿಕ ಶಿಕ್ಷಣ ಶಿಕ್ಷಕರಿದ್ದಾರೆ. ಹಾವೇರಿಯ ಮೇಡಂ ಅವರ ಅಂಜಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಅವರನ್ನು ನಮ್ಮ ಮಕ್ಕಳನ್ನು ಆಡಿಸಲು ಕರೆಯುವುದಿಲ್ಲ. ಎರಡು ವಾರಕ್ಕೊಮ್ಮೆ, ಶನಿವಾರದ ಬೆಳಗಿನ ಶಾಲೆಯಲ್ಲಿ, ನಮ್ಮ ಆರು ಮಂದಿಗೆ ಆಡಿಸುವುದನ್ನು ಕಲಿಸಲು ಕೇಳಿಕೊಳ್ಳುತ್ತೇನೆ. ಆ ಹೊತ್ತಿನ ಅವರ ಎರಡು ಅವಧಿಗಳನ್ನು ನಮ್ಮ ವಿಜ್ಞಾನ ಶಿಕ್ಷಕರು ಅಲ್ಲಿ ಹೋಗಿ ತೆಗೆದುಕೊಳ್ಳಲು ಒಪ್ಪಿದ್ದಾರೆ. ಇದಕ್ಕೆ ಲಿಖಿತ ಅನುಮತಿ ಬೇಕೆಂದು ನಮ್ಮ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಹೇಳಿದ್ದರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಅರ್ಜಿ ಬರೆದಿದ್ದೇನೆ.

ನಿನ್ನೆ ಬೀರು ತೆರೆದೆ. ಎರಡು ಫುಟ್‌ಬಾಲುಗಳಲ್ಲಿಯೂ ಗಾಳಿ ಇರಲಿಲ್ಲ. ಪಂಪು ಸಿಕ್ಕಿತು, ಅದರ ಸೂಜಿ ಸಿಗಲಿಲ್ಲ. ಏಳನೆಯ ತರಗತಿಯ ಹುಡುಗನೊಬ್ಬ ಸೈಕಲ್ ಅಂಗಡಿಯಿಂದ ತರುತ್ತೇನೆಂದು ಹೋಗಿದ್ದಾನೆ.