ಪ್ರವಾಸಿ ವೀಸಾದಲ್ಲಿ ಬಂದು ಜರ್ಮನಿಯಲ್ಲಿ ಕೆಲಸಕ್ಕೆ ಸೇರಬಹುದೇ? ಮನೆಯವರ ಗುಂಪಿನಲ್ಲಿ ಅಕ್ಕ ಕೇಳಿದ ಪ್ರಶ್ನೆಗೆ ಉತ್ತರ

ಅಕ್ಕಾ, ಮೊದಲು ಇಷ್ಟು ಕೇಳಿ: ಆ ಏಜೆಂಟನಿಗೆ ಮುಂಗಡ ಕೊಡಬೇಡಿ. ಭಾವ ಈಗಾಗಲೇ ಕೊಟ್ಟಿದ್ದರೆ ರಸೀದಿಯನ್ನಾದರೂ ಕೇಳಿ ಪಡೆಯಲಿ. ಮುಂದಿನದು ಸ್ವಲ್ಪ ಉದ್ದವಾಗುತ್ತದೆ, ಅಡುಗೆ ಮಾಡುತ್ತಲೇ ಕೇಳಿಸಿಕೊಳ್ಳಿ.

ಅವನು ಹೇಳಿದ್ದು ಇಷ್ಟು ತಾನೆ? ನಿಮ್ಮ ಹುಡುಗ ಪ್ರವಾಸಿ ವೀಸಾದಲ್ಲಿ ಸ್ಟುಟ್‌ಗಾರ್ಟ್‌ಗೆ ಬಂದು ನನ್ನ ಮನೆಯಲ್ಲಿ ಉಳಿಯುವುದು, ಮೂರು ತಿಂಗಳಲ್ಲಿ ಕೆಲಸ ಹುಡುಕುವುದು, ಆಮೇಲೆ ಇಲ್ಲಿಯೇ ಅದನ್ನು ಕೆಲಸದ ವೀಸಾ ಮಾಡಿಸಿಕೊಳ್ಳುವುದು, ಇದಕ್ಕೆಲ್ಲ ಮೂರೂವರೆ ಲಕ್ಷ. ನನ್ನ ಮನೆಯಲ್ಲಿ ಉಳಿಯಲು ಅಡ್ಡಿಯೇನೂ ಇಲ್ಲ. ಮಿಕ್ಕದ್ದೆಲ್ಲ ಆಗದ ಮಾತು. ಈ ಪ್ರವಾಸಿ ವೀಸಾಕ್ಕೆ ಷೆಂಗೆನ್ ವೀಸಾ ಎನ್ನುತ್ತಾರೆ, ಜರ್ಮನಿ ಸೇರಿ ಯುರೋಪಿನ ಬಹುತೇಕ ದೇಶಗಳಿಗೆ ಅದೊಂದೇ ಸಾಕು. ಅದೆಂದರೆ ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಲು ಅನುಮತಿ. ಆ ಅವಧಿಯಲ್ಲಿ ಸಂದರ್ಶನಕ್ಕೆ ಹೋಗಿ ಬರಬಹುದು, ಕೆಲಸ ಸಿಕ್ಕರೂ ಸಿಗಬಹುದು. ಆದರೆ ಕೆಲಸಕ್ಕೆ ಸೇರಬೇಕಾದರೆ ಊರಿಗೆ ಮರಳಿ, ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ಮೂಲಕ ಬೇರೆ ವೀಸಾ ಪಡೆದೇ ಬರಬೇಕು. ಅಮೆರಿಕ, ಜಪಾನ್, ಆಸ್ಟ್ರೇಲಿಯಾದಂಥ ಕೆಲವು ದೇಶಗಳವರು ಮಾತ್ರ ವೀಸಾ ಇಲ್ಲದೆ ಬಂದು ಇಲ್ಲಿಯೇ ಅರ್ಜಿ ಹಾಕಬಹುದು. ಆ ಕಥೆಯನ್ನೇ ನಮ್ಮ ಪಾಸ್‌ಪೋರ್ಟಿಗೂ ಅಂಟಿಸಿ ಈ ಏಜೆಂಟರು ಮಾರುತ್ತಾರೆ. ಪ್ರವಾಸ ಎಂದು ಬರೆದು ಕೆಲಸ ಹುಡುಕಲು ಬರುತ್ತಿದ್ದಾನೆ ಎಂಬ ಅನುಮಾನ ಅಧಿಕಾರಿಗೆ ಬಂದರೆ ಅರ್ಜಿ ತಿರಸ್ಕಾರವಾಗುತ್ತದೆ. ಆ ದಾಖಲೆ ಷೆಂಗೆನ್ ದೇಶಗಳೆಲ್ಲ ನೋಡುವ ಗಣಕದಲ್ಲಿ ಐದು ವರ್ಷ ಉಳಿಯುತ್ತದೆ. ಇಪ್ಪತ್ತಮೂರರ ಹುಡುಗನಿಗೆ ಆ ಕಲೆ ಏಕೆ?

ಅವನಿಗಿರುವ ನಿಜವಾದ ದಾರಿ ಎರಡು. ಒಂದು ಮಾಸ್ಟರ್ಸ್. ಇನ್ನೊಂದು 2024ರ ಜೂನ್‌ನಲ್ಲಿ ಶುರುವಾದ ಆಪರ್ಚುನಿಟಿ ಕಾರ್ಡ್. ಜರ್ಮನ್ನರು ಚಾನ್ಸೆನ್‌ಕಾರ್ಟೆ ಎನ್ನುತ್ತಾರೆ. ಯೂಟ್ಯೂಬ್‌ನಲ್ಲಿ ಎರಡನೆಯದರ ಗದ್ದಲವೇ ಹೆಚ್ಚು. ಕೆಲಸ ಕೈಯಲ್ಲಿಲ್ಲದಿದ್ದರೂ ಒಂದು ವರ್ಷ ಇಲ್ಲಿದ್ದು ಹುಡುಕಬಹುದು, ಅಷ್ಟರಲ್ಲಿ ವಾರಕ್ಕೆ 20 ಗಂಟೆ ಸಣ್ಣಪುಟ್ಟ ಕೆಲಸ ಮಾಡಬಹುದು. ಪದವಿಗೆ ಜರ್ಮನಿಯ ಪೂರ್ಣ ಮಾನ್ಯತೆ ಇಲ್ಲದಿದ್ದರೆ ವಯಸ್ಸು, ಭಾಷೆ, ಅನುಭವ ನೋಡಿ ಕೊಡುವ ಅಂಕಗಳಲ್ಲಿ ಕನಿಷ್ಠ ಆರು ಬೇಕು. ಅವನಿಗೆ ವಯಸ್ಸಿನ ಎರಡು ಅಂಕ ಸುಲಭವಾಗಿ ಸಿಗುತ್ತವೆ. ಅನುಭವದ ಅಂಕ ಸೊನ್ನೆ. ಜೊತೆಗೆ 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೋದಂತೆ ವರ್ಷದ ಖರ್ಚು ತೋರಿಸಬೇಕು.

ಅಂಕ ಸಿಕ್ಕೀತು, ಹಣವನ್ನೂ ಹೊಂದಿಸಬಹುದು. ನನ್ನ ಚಿಂತೆ ಅದಲ್ಲ. ಅನುಭವವಿಲ್ಲದ, ಜರ್ಮನ್ ಬಾರದ ಮೆಕ್ಯಾನಿಕಲ್ ಹುಡುಗ ಒಂದು ವರ್ಷದಲ್ಲಿ ಇಲ್ಲಿ ಓದಿಗೆ ತಕ್ಕ ಕೆಲಸ ಹಿಡಿಯುವುದು ಈಗ ಬಹಳ ಕಷ್ಟ. ನಮ್ಮ ಸ್ಟುಟ್‌ಗಾರ್ಟ್ ಸುತ್ತಮುತ್ತ ಎಲ್ಲ ಕಾರಿನ ಉದ್ಯಮ. ಕಾರಿನ ಬಿಡಿಭಾಗ ಮಾಡುವ ಬಾಷ್ ಕಂಪನಿ 2025ರ ಸೆಪ್ಟೆಂಬರ್‌ನಲ್ಲಿ ಒಂದೇ ಬಾರಿಗೆ ಸುಮಾರು 13,000 ಹುದ್ದೆ ಕಡಿತ ಮಾಡುವುದಾಗಿ ಪ್ರಕಟಿಸಿತು. ಅಂಥ ಕಡೆ ಮನೆ ಬಾಡಿಗೆ ಕಟ್ಟುತ್ತಾ ವರ್ಷವಿಡೀ ಅರ್ಜಿ ಹಾಕುವುದೆಂದರೆ ಮನಸ್ಸು ಮುರಿದುಹೋಗುತ್ತದೆ. ಊರಲ್ಲಿ ಎರಡು ವರ್ಷ ದುಡಿದು, ಬಿ1 ಅಂದರೆ ಮಧ್ಯಮ ಮಟ್ಟದ ಜರ್ಮನ್ ಕಲಿತು ಆಮೇಲೆ ಇದೇ ಕಾರ್ಡ್ ಕೇಳಿದರೆ ಲೆಕ್ಕವೇ ಬೇರೆ. ನೇರವಾಗಿ ಕೆಲಸದ ಪತ್ರವೇ ಕೈಗೆ ಬಂದರೆ ಕಾರ್ಡಿನ ಗೊಡವೆಯೂ ಇಲ್ಲ. ಪದವಿ ಪಡೆದು ಮೂರು ವರ್ಷ ಮೀರದವರಿಗೆ ಬ್ಲೂ ಕಾರ್ಡಿಗೆ, ಅಂದರೆ ಓದಿದವರಿಗೆ ಕೊಡುವ ಕೆಲಸದ ಪರವಾನಗಿಗೆ, ಬೇಕಾದ ಕನಿಷ್ಠ ಸಂಬಳ ಕಡಿಮೆ, 2025ರಲ್ಲಿ ವರ್ಷಕ್ಕೆ 43,759.80 ಯೂರೋ.

ಹಾಗಾಗಿ ನನ್ನ ಮತ ಮಾಸ್ಟರ್ಸ್ ಕಡೆಗೆ. ಭಾವನಿಗೆ ಹಣದ ಚಿಂತೆ ಎಂದು ಗೊತ್ತು, ಅದನ್ನೇ ಬಿಡಿಸಿ ಹೇಳುತ್ತೇನೆ. ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರಿಗೆ ಒಂದಿಷ್ಟು ವಂತಿಗೆ ಮಾತ್ರ. ನಮ್ಮ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯ ಮಾತ್ರ 2017ರಿಂದ ಯುರೋಪಿನ ಹೊರಗಿನ ವಿದ್ಯಾರ್ಥಿಗಳಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರುಮಾಡಿದೆ. ಮಾವನ ಮನೆ ಹತ್ತಿರವೆಂದು ಸ್ಟುಟ್‌ಗಾರ್ಟನ್ನೇ ಆರಿಸಬೇಕಿಲ್ಲ. ಆಖೆನ್, ಡ್ರೆಸ್ಡೆನ್, ಬ್ರೌನ್‌ಶ್ವೈಗ್ ಇವೆಲ್ಲ ಮೆಕ್ಯಾನಿಕಲ್‌ಗೆ ಹೆಸರಾದ ಕಡೆಗಳೇ.

ದೊಡ್ಡ ಮೊತ್ತ ಬ್ಲಾಕ್ಡ್ ಅಕೌಂಟಿನದು, ಅಂದರೆ ಒಂದು ವರ್ಷದ ಖರ್ಚಿಗೆ ಹಣವಿದೆ ಎಂದು ವೀಸಾಕ್ಕೆ ತೋರಿಸಲು ಮೊದಲೇ ತುಂಬಿಡುವ ಖಾತೆಯದು: 11,904 ಯೂರೋ, ಹನ್ನೆರಡು ಲಕ್ಷ ರೂಪಾಯಿಯ ಆಸುಪಾಸು. ಇದು ಶುಲ್ಕವಲ್ಲ ಭಾವಾ, ಅವನದೇ ಹಣ. ಬಂದ ಮೇಲೆ ತಿಂಗಳಿಗೆ 992 ಯೂರೋದಂತೆ ಅವನ ಖಾತೆಗೇ ಬರುತ್ತದೆ. ಏಜೆಂಟರು ಇದನ್ನು ‘ಜರ್ಮನ್ ಸರ್ಕಾರಕ್ಕೆ ಕಟ್ಟುವ ಠೇವಣಿ’ ಎಂದು ತಮ್ಮ ಖಾತೆಗೆ ಹಾಕಿಸಿಕೊಳ್ಳಲು ನೋಡಿದರೆ ಎದ್ದು ಬನ್ನಿ. ಓದುವಾಗ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ. ಇಲ್ಲಿನ ಪದವಿ, ಅಷ್ಟು ಹೊತ್ತಿಗೆ ಕಲಿತ ಭಾಷೆ, ಯಾವುದಾದರೂ ಕಂಪನಿಯಲ್ಲಿ ಮಾಡಿದ ಮಾಸ್ಟರ್ಸ್ ಥೀಸಿಸ್, ಇವೆಲ್ಲ ಸೇರಿದರೆ ಆ 18 ತಿಂಗಳಿಗೆ ಬೆಲೆ ಬರುತ್ತದೆ.

ಈಗಲೇ ಶುರುಮಾಡಬೇಕಾದದ್ದು ಎಪಿಎಸ್ ಪ್ರಮಾಣಪತ್ರ. ನಮ್ಮ ಅಂಕಪಟ್ಟಿಗಳು ಅಸಲಿಯೇ ಎಂದು ದಿಲ್ಲಿಯಲ್ಲಿ ಪರಿಶೀಲಿಸಿ ಕೊಡುವ ಕಾಗದ ಅದು. 2022ರ ನವೆಂಬರ್‌ನಿಂದ ಅದಿಲ್ಲದೆ ವಿದ್ಯಾರ್ಥಿ ವೀಸಾಕ್ಕೆ ಅರ್ಜಿಯೇ ನಡೆಯುವುದಿಲ್ಲ. ಶುಲ್ಕ 18,000 ರೂಪಾಯಿ. ಚಳಿಗಾಲದ ಸೆಮಿಸ್ಟರಿಗೆ ಬಹಳ ಕಡೆ ಕೊನೆಯ ದಿನ ಜುಲೈ 15, ಕೆಲವು ಕಡೆ ಅದಕ್ಕೂ ಮೊದಲೇ ಮುಗಿಯುತ್ತದೆ. ಹತ್ತನೆಯ ತರಗತಿಯಿಂದ ಕೊನೆಯ ಸೆಮಿಸ್ಟರ್‌ವರೆಗಿನ ಅಂಕಪಟ್ಟಿಗಳಲ್ಲಿ ಹೆಸರಿನ ಕಾಗುಣಿತ ಒಂದೇ ಇದೆಯೇ ನೋಡಿ. ನಮ್ಮ ಕಡೆ ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ. ಇಲ್ಲಿನವರಿಗೆ ಅದು ಮೂರು ಬೇರೆ ಮನುಷ್ಯರಂತೆ ಕಾಣುತ್ತದೆ. ವೀಸಾ ತಿರಸ್ಕಾರವಾದರೆ ಮೊದಲಿನಂತೆ ಕಾನ್ಸುಲೇಟಿಗೇ ಆಕ್ಷೇಪಣೆ ಬರೆಯುವ ಅವಕಾಶವನ್ನು 2025ರ ಜುಲೈ 1ರಿಂದ ತೆಗೆದುಹಾಕಿದ್ದಾರೆ. ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್‌ನಲ್ಲಿ ಮೊಕದ್ದಮೆ ಹೂಡಬೇಕು. ಭಾವ ಮೊಕದ್ದಮೆ ಎಂದರೆ ಉತ್ಸಾಹ ತೋರಿಸುತ್ತಾರೆ, ಆದರೂ ಬೇಡ.

ದೊಡ್ಡಮ್ಮಾ, ನೀವು ಮೇ ತಿಂಗಳಲ್ಲಿ ಬರುವ ವಿಷಯ ಕೇಳಿದ್ದಿರಿ. ನಿಮ್ಮದು ಸಲೀಸು. ವೀಸಾ ಶುಲ್ಕ 90 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದಿರಬೇಕು. ನಿಮ್ಮ ಖರ್ಚಿನ ಹೊಣೆ ನನ್ನದೆಂದು ಇಲ್ಲಿನ ಕಚೇರಿಯಲ್ಲಿ ಸಹಿ ಮಾಡಿ ಆ ಪತ್ರದ ಮೂಲಪ್ರತಿಯನ್ನೇ ಅಂಚೆಯಲ್ಲಿ ಕಳುಹಿಸುತ್ತೇನೆ, ವಾಟ್ಸಾಪ್ ಚಿತ್ರ ನಡೆಯದು. ಪ್ಯಾರಿಸ್ಸಿಗೆ ಹೋಗುವ ಆಸೆಯಿದ್ದರೂ ಹೆಚ್ಚು ದಿನ ನನ್ನ ಮನೆಯಲ್ಲೇ ಇರುವುದರಿಂದ ಅರ್ಜಿ ಜರ್ಮನಿಗೇ ಹಾಕಬೇಕು. ವೀಸಾ ಬಂದ ಕೂಡಲೇ ಚೀಟಿಯ ಮೇಲೆ ಎರಡು ಕಡೆ ನೋಡಿ. ಒಂದು ಕಡೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದಿರುತ್ತದೆ, ಇನ್ನೊಂದು ಕಡೆ ಎಷ್ಟು ದಿನ ಎಂದು ಪ್ರತ್ಯೇಕವಾಗಿರುತ್ತದೆ. ತಾರೀಖು ಎರಡು ತಿಂಗಳಿದ್ದು ದಿನ 45 ಎಂದಿದ್ದರೆ ನೀವು ಇರಬಹುದಾದದ್ದು 45 ದಿನ ಮಾತ್ರ, ಇಳಿದ ದಿನ ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಟಿಕೆಟ್ಟನ್ನು ಅದಕ್ಕೆ ಹೊಂದಿಸೋಣ.

ಅಕ್ಕಾ, ಹುಡುಗನಿಗೆ ಇವತ್ತು ರಾತ್ರಿಯೇ ಅಂಕಪಟ್ಟಿ, ಪಾಸ್‌ಪೋರ್ಟ್ ಎರಡನ್ನೂ ಸ್ಕ್ಯಾನ್ ಮಾಡಿ ಕಳುಹಿಸಲು ಹೇಳಿ, ಗುಂಪಿಗೆ ಬೇಡ, ನನಗೆ ಮಾತ್ರ. ಜರ್ಮನ್ ತರಗತಿಗೆ ಇಂದಿರಾನಗರದ ಮ್ಯಾಕ್ಸ್ ಮ್ಯೂಲರ್ ಭವನದಲ್ಲಿ ವಿಚಾರಿಸಲಿ. ಭಾನುವಾರ ಮಧ್ಯಾಹ್ನ ಅವನೇ ನನಗೆ ಕರೆ ಮಾಡಲಿ, ನೀವು ಪಕ್ಕದಲ್ಲಿ ಕುಳಿತು ಉತ್ತರ ಹೇಳಿಕೊಡಬೇಡಿ.