ತಂಪು ಪಾನೀಯಕ್ಕೆ ತೆರಿಗೆ ಹಾಕಿದರೆ ಸಕ್ಕರೆ ಕಾಯಿಲೆ ಎಷ್ಟು ಕಡಿಮೆಯಾಗುತ್ತದೆ ಅಂತ ಮೊದಲೇ ಹೇಗೆ ಹೇಳುತ್ತಾರೆ?

ಪ್ರಶ್ನೆ: ಮೇಡಂ, ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ತಂಪು ಪಾನೀಯಗಳ ಮೇಲೆ 20% ತೆರಿಗೆ ಹಾಕಿದರೆ ಭಾರತದಲ್ಲಿ ಹೊಸದಾಗಿ ಟೈಪ್ 2 ಸಕ್ಕರೆ ಕಾಯಿಲೆ ಬರುವುದು 1.6% ಇಳಿಯುತ್ತದೆ ಅಂತ ಹಳೆಯ ಅಧ್ಯಯನವೊಂದರಲ್ಲಿ ಓದಿದೆ. ಹಾಕದೇ ಇರುವ ತೆರಿಗೆಯ ಫಲ ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತಾಗುತ್ತದೆ?

ಉತ್ತರ: ಸರ್, ಅದು 2014ರ ಅಧ್ಯಯನ. 2023ರವರೆಗೆ ಏನಾಗಬಹುದು ಅಂತ ಲೆಕ್ಕ ಹಾಕಿದ್ದರು. 1.6 ಅನ್ನುವುದು ನಡುವಿನ ಅಂದಾಜು ಮಾತ್ರ. ಅದರ ಜೊತೆಗೇ 1.2ರಿಂದ 1.9ರವರೆಗೆ ಅಂತಲೂ ಕೊಟ್ಟಿದ್ದಾರೆ. ಅಧಿಕ ತೂಕ, ಬೊಜ್ಜಿನ ಇಳಿಕೆಗೆ 3% ಅಂದಿದ್ದಾರೆ, ಆದರೆ ಅದು 1.6 ಇರಬಹುದು, 5.9 ಕೂಡ ಇರಬಹುದು. ಪತ್ರಿಕೆಗೆ ಬರುವಾಗ ಈ ಅಂತರವೇ ಬಿಟ್ಟುಹೋಗುತ್ತದೆ. ನನಗೆ ಬೇಸರ ಆಗುವುದು ಅಲ್ಲೇ.

ಇಂಥ ಲೆಕ್ಕಾಚಾರಕ್ಕೆ ಮಾದರಿ ಅನ್ನುತ್ತಾರೆ. ಅದರ ಕೆಲಸ ನಡೆಯುವುದು ಹೀಗೆ. ವಯಸ್ಸು, ಊರು, ಆದಾಯ, ಕುಡಿಯುವ ಪ್ರಮಾಣ ಎಲ್ಲ ಸಮೀಕ್ಷೆಗೆ ಹೊಂದುವಂಥ ಕಾಲ್ಪನಿಕ ಜನರನ್ನು ಕಂಪ್ಯೂಟರಿನಲ್ಲಿ ಮಾಡಿಕೊಳ್ಳುತ್ತಾರೆ. 40 ರೂಪಾಯಿ ಬಾಟಲಿ 48 ಆದರೆ ಇವರಲ್ಲಿ ಯಾರು ಎಷ್ಟು ಕಡಿಮೆ ಕೊಳ್ಳುತ್ತಾರೆ? ಅದರಿಂದ ಕ್ಯಾಲೊರಿ ಎಷ್ಟು ಇಳಿಯುತ್ತದೆ? ತೂಕ? ಕೊನೆಗೆ ಕಾಯಿಲೆ? ಒಂದೊಂದು ಹಂತದಲ್ಲೂ ಒಂದೊಂದು ಊಹೆ ಇರುತ್ತದೆ.

ಪ್ರಶ್ನೆ: ಕೋಲಾ ಬಿಟ್ಟು ಸಕ್ಕರೆ ಹಾಕಿದ ಜ್ಯೂಸ್ ಕುಡಿದರೆ ಲೆಕ್ಕ ಕೆಡುವುದಿಲ್ವಾ?

ಉತ್ತರ: ಖಂಡಿತ ಕೆಡುತ್ತದೆ. ಅದಕ್ಕೇ ಜನ ಬೇರೆ ಪಾನೀಯಕ್ಕೆ ಹೋಗುವುದನ್ನೂ ಅದರಲ್ಲಿ ಸೇರಿಸಿದ್ದರು. ಮೊದಲ ಹಂತವನ್ನು ನಿಜವಾದ ಊರುಗಳಲ್ಲಿ ಪರೀಕ್ಷಿಸಬಹುದು. ಮೆಕ್ಸಿಕೋ 2014ರಲ್ಲಿ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. ತೆರಿಗೆ ಇಲ್ಲದಿದ್ದರೆ ಎಷ್ಟು ಕೊಳ್ಳುತ್ತಿದ್ದರೋ ಅದಕ್ಕಿಂತ ಖರೀದಿ ಮೊದಲ ವರ್ಷ 5.5%, ಎರಡನೇ ವರ್ಷ 9.7% ಇಳಿಯಿತು. ಕಾಯಿಲೆಯ ಹಂತ ಕಣ್ಣಿಗೆ ಬೀಳಲು ಮಾತ್ರ ಬಹಳ ವರ್ಷ ಬೇಕು.

ಪ್ರಶ್ನೆ: ಇಷ್ಟೊಂದು ಊಹೆ ಇದ್ದರೆ ಮಾದರಿಯಿಂದ ಏನು ಉಪಯೋಗ?

ಉತ್ತರ: ಯಾವ ದಾರಿ ಹಿಡಿದರೆ ಜಾಸ್ತಿ ಲಾಭ ಅಂತ ತಿಳಿಯುತ್ತದೆ. ಬ್ರಿಟನ್ನಿನ ತೆರಿಗೆ 2018ರ ಏಪ್ರಿಲಿನಲ್ಲಿ ಬಂತು. ಅದಕ್ಕೂ ಮುಂಚೆಯೇ, ಕಂಪನಿಗಳು ಬೆಲೆ ಏರಿಸಿದರೆ ಏನಾಗುತ್ತದೆ, ಸಕ್ಕರೆಯನ್ನೇ ಕಡಿಮೆ ಮಾಡಿದರೆ ಏನಾಗುತ್ತದೆ ಅಂತ ಅಲ್ಲಿನ ತಜ್ಞರು ಇಂಥ ಮಾದರಿಯಲ್ಲಿ ಹೋಲಿಸಿ ನೋಡಿದ್ದರು. ಸಕ್ಕರೆ ಇಳಿಸಿದರೇ ಹೆಚ್ಚು ಲಾಭ ಅಂತ ಬಂತು. ಅಲ್ಲಿನ ತೆರಿಗೆಯೂ ಹಾಗೇ ಇದೆ: 100 ಮಿಲಿಲೀಟರಿಗೆ ಸಕ್ಕರೆ 5 ಗ್ರಾಂಗಿಂತ ಕಡಿಮೆ ಇದ್ದರೆ ತೆರಿಗೆಯೇ ಇಲ್ಲ, 8 ಗ್ರಾಂ ಮುಟ್ಟಿದರೆ ಹೆಚ್ಚಿನ ದರ. ಎಷ್ಟೋ ಕಂಪನಿಗಳು ಸಕ್ಕರೆ ಇಳಿಸಿದವು. ನಮ್ಮಲ್ಲಿ ಸಕ್ಕರೆ ಇರುವ ಕೋಲಾಗೂ, ಸಕ್ಕರೆ ಇಲ್ಲದ ಕೋಲಾಗೂ ಒಂದೇ 40% ಜಿಎಸ್‌ಟಿ. ಸಕ್ಕರೆ ಕಡಿಮೆ ಮಾಡಿದ ಕಂಪನಿಗೆ ಇದರಿಂದ ಒಂದು ಪೈಸೆಯೂ ಉಳಿಯುವುದಿಲ್ಲ. ಇದನ್ನು ಬದಲಾಯಿಸಲೇಬೇಕು ಅಂತ ನನ್ನ ಅಭಿಪ್ರಾಯ.