ವಿಟ್ಲಕೋಚೆ ಹೂರಣ ನೀರಾಗುತ್ತದೆ, ಕೆಸಡಿಯಾ ಸೀಳುತ್ತದೆ: ತಪ್ಪಾಗುತ್ತಿರುವುದು ಎಲ್ಲಿ?

ಹಸಿತೆನೆ:
ಮೆಕ್ಕೆಜೋಳದ ತೆನೆಯ ಮೇಲೆ ಬೆಳೆಯುವ ಕಾಡಿಗೆ ಅಣಬೆ, ಅಂದರೆ ಮೆಕ್ಸಿಕೋದವರ ವಿಟ್ಲಕೋಚೆಯ ಬಗ್ಗೆ ಕೇಳಬೇಕಿತ್ತು. ಅರ್ಧ ಕಿಲೋ ತಾಜಾ ಗಂಟುಗಳನ್ನು ನೀರಲ್ಲಿ ನೆನೆಸಿ ತೊಳೆದು, ಈರುಳ್ಳಿ, ಉಪ್ಪಿನ ಜೊತೆ ಬಾಣಲೆಗೆ ಹಾಕಿದರೆ ಹತ್ತು ನಿಮಿಷದಲ್ಲಿ ಕಪ್ಪು ನೀರು ತುಂಬಿಕೊಳ್ಳುತ್ತದೆ. ಅದು ಇಂಗುವಷ್ಟರಲ್ಲಿ ಗಂಟುಗಳು ಕರಗಿ ಅಂಟಾಗುತ್ತವೆ, ಉಪ್ಪು ಜಾಸ್ತಿಯಾಗುತ್ತದೆ, ಕೊನೆಗೆ ಸಣ್ಣ ಕಹಿ. ಆ ಹೂರಣ ತುಂಬಿದ ಕೆಸಡಿಯಾ, ಅಂದರೆ ಮಡಚಿದ ಮೆಕ್ಕೆಜೋಳದ ರೊಟ್ಟಿ, ಮಡಿಕೆಯಲ್ಲೇ ಸೀಳುತ್ತದೆ. ಡಬ್ಬಿಯದ್ದೇ ವಾಸಿಯೇ? ಎಪಾಸೋಟೆ ಸೊಪ್ಪು ಯಾವಾಗ ಹಾಕಬೇಕು?

ಕಾವಲಿಕಾವು:
ನೆನೆಸಿದ್ದೇ ಮೊದಲ ತಪ್ಪು. ಈ ಗಂಟಿನಲ್ಲಿ ಹತ್ತಕ್ಕೆ ಒಂಬತ್ತು ಪಾಲಿನಷ್ಟು ನೀರೇ ಇರುತ್ತದೆ, ಅದರ ಮೇಲೆ ಸ್ಪಂಜಿನ ಹಾಗೆ ಇನ್ನಷ್ಟು ಹೀರಿಕೊಳ್ಳುತ್ತದೆ. ತೆನೆಯ ಕೂದಲನ್ನು ಕೈಯಿಂದ ಆರಿಸಿ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮಣ್ಣು ಅಂಟಿದ್ದರೆ ಜರಡಿಯಲ್ಲಿಟ್ಟು ಒಂದು ಸಲ ನೀರು ಹಾಯಿಸಿ, ಬಟ್ಟೆಯ ಮೇಲೆ ಹರಡಿ ಆರಿಸಿ.

ಕಹಿ ಬರುವುದು ಹೆಚ್ಚಾಗಿ ಬಲಿತ ಗಂಟಿನಿಂದ. ಹೊರಗೆ ಬೆಳ್ಳಿಯಂಥ ಬೂದು ಬಣ್ಣ, ಒತ್ತಿದರೆ ಮೆತ್ತಗೆ ಪುಟಿಯಬೇಕು, ಕತ್ತರಿಸಿದರೆ ಒಳಗೆ ಕಪ್ಪು ಬಿಳಿ ಬೆರೆತು ತೇವವಾಗಿರಬೇಕು. ಅದೇ ಹದ. ಪೂರ್ತಿ ಬೆಳ್ಳಗೆ ಗಟ್ಟಿಯಾಗಿದ್ದರೆ ಎಳೆಯದು, ರುಚಿ ಕಡಿಮೆ. ಸಿಪ್ಪೆ ಒಡೆದು ಒಣ ಕಪ್ಪು ಪುಡಿ ಉದುರುತ್ತಿದ್ದರೆ ಬೀಜಕಗಳು ಮಾಗಿಬಿಟ್ಟಿವೆ, ಅಡುಗೆಗೆ ಆಗದು. ಈ ಹದ ತೆನೆಯಲ್ಲಿ ನಿಲ್ಲುವುದು ಕೆಲವೇ ದಿನ. ಮಧ್ಯ ಮೆಕ್ಸಿಕೋದಲ್ಲಿ ಮಳೆಗಾಲದ ತಿಂಗಳುಗಳಲ್ಲೇ ತಾಜಾ ಮಾಲು ಹೇರಳವಾಗಿ ಸಿಗುವುದು. ಇನ್ನೊಂದು ಮಾತು: ಕಾಳುಗಳ ನಡುವೆ ಗುಲಾಬಿ ಅಥವಾ ಹಸಿರು ಬೂಷ್ಟು ಕಂಡರೆ ಅದು ವಿಟ್ಲಕೋಚೆಯಲ್ಲ, ಇಡೀ ತೆನೆಯನ್ನೇ ಎಸೆಯಿರಿ. ಶಿಲೀಂಧ್ರನಾಶಕ ಹೊಡೆದ ಹೊಲದ್ದೂ ಬೇಡ.

ಇನ್ನು ಬೇಯಿಸುವುದು. 500 ಗ್ರಾಂ ಗಂಟಿಗೆ 30 ಸೆಂಟಿಮೀಟರ್ ಅಗಲದ ಬಾಣಲೆ ಬೇಕು, ಚಿಕ್ಕದಾದರೆ ಹುರಿಯುವ ಬದಲು ಬೇಯುತ್ತದೆ. 2 ದೊಡ್ಡ ಚಮಚ ಹಂದಿ ಕೊಬ್ಬು ಅಥವಾ ಎಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ಒಂದು ಬಿಳಿ ಈರುಳ್ಳಿ 4–5 ನಿಮಿಷ ಬಾಡಲಿ. ಆಮೇಲೆ 2 ಎಸಳು ಬೆಳ್ಳುಳ್ಳಿ, 1–2 ಸೆರಾನೊ ಮೆಣಸಿನಕಾಯಿ, ಅರ್ಧ ನಿಮಿಷ. ಬೆಳ್ಳುಳ್ಳಿ ಕೆಂಪಾದರೆ ಅದೂ ಕಹಿಯೇ. ಒಂದು ಕಪ್ ಹಸಿ ಮೆಕ್ಕೆಜೋಳದ ಕಾಳು ಹಾಕಿ 3 ನಿಮಿಷ. ಈಗ ಗಂಟುಗಳು, ದೊಡ್ಡವನ್ನು ಎರಡು ಭಾಗ ಮಾಡಿ. ಮಧ್ಯಮ ಉರಿಯಲ್ಲಿ ಮುಚ್ಚಿ 8 ನಿಮಿಷ, ನೀರು ಬಿಟ್ಟುಕೊಳ್ಳುತ್ತದೆ. ಮುಚ್ಚಳ ತೆಗೆದು ಉರಿ ಏರಿಸಿ 5–8 ನಿಮಿಷ. ಸೌಟಿನಿಂದ ತಳದಲ್ಲಿ ಗೆರೆ ಎಳೆದರೆ ಅದು ಕ್ಷಣಕಾಲ ಹಾಗೇ ಉಳಿಯಬೇಕು, ರಸ ಕಾಳಿಗೆ ಹತ್ತಿಕೊಂಡು ಮಿರುಗಬೇಕು. ಕೈಯಾಡಿಸುವುದು ಎರಡು ನಿಮಿಷಕ್ಕೊಮ್ಮೆ ಮಾತ್ರ. ಹೆಚ್ಚು ಕಲಕಿದರೆ ಮುದ್ದೆ. ರಸ ಇಂಗುತ್ತಾ ಉಪ್ಪು ಮೊನಚಾಗುತ್ತದೆ, ಅದಕ್ಕೇ ಮುಕ್ಕಾಲು ಟೀ ಚಮಚ ಉಪ್ಪನ್ನು ಕೊನೆಯಲ್ಲೇ ಹಾಕಿ. ಹೆಚ್ಚಿದ 6–8 ಎಪಾಸೋಟೆ ಎಲೆಯೂ ಆಗಲೇ, ಇನ್ನು 3 ನಿಮಿಷ ಉಳಿದಿರುವಾಗ. ಮೊದಲೇ ಹಾಕಿದರೆ ಘಮ ಆವಿಯ ಜೊತೆ ಹೋಗುತ್ತದೆ.

ಮೂರುಕಲ್ಲೊಲೆ:
ಮುಚ್ಚಿ ಬೇಯಿಸುವ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಗಂಟು ತುಸು ಎಳೆಯದಿದ್ದರೆ ಮುಚ್ಚಲೇಬಾರದು. ಜೋರು ಉರಿಯಲ್ಲಿ ಎರಡು ಕಂತಾಗಿ ಹುರಿದರೆ 6–7 ನಿಮಿಷದಲ್ಲಿ ಮುಗಿಯುತ್ತದೆ, ಕಚ್ಚಿದಾಗ ಅಣಬೆಯ ಬಿಗಿ ಉಳಿಯುತ್ತದೆ. ಹದವಾಗಿ ಮಾಗಿದ್ದಕ್ಕೆ ಮೇಲಿನ ಕ್ರಮವೇ ಸರಿ.

ಎಪಾಸೋಟೆ ಸಿಗದಿದ್ದರೆ ಬಿಟ್ಟುಬಿಡಿ. ಅದರ ಖಾರವಾದ, ಔಷಧಿಯಂಥ ವಾಸನೆಗೆ ಕೊತ್ತಂಬರಿ ಬದಲಿಯಾಗದು. ಸುಟ್ಟು ಸಿಪ್ಪೆ ಸುಲಿದ ಪೊಬ್ಲಾನೊ ಮೆಣಸಿನಕಾಯಿಯ ಸೀಳುಗಳು ಆ ಜಾಗವನ್ನು ಚೆನ್ನಾಗಿ ತುಂಬುತ್ತವೆ.

ಡಬ್ಬಿಯದ್ದು ಆಗಲೇ ಬೆಂದು ಮೆತ್ತಗಾಗಿ ಉಪ್ಪು ಹಿಡಿದಿರುತ್ತದೆ. ರಸ ಬಸಿದು ಬದಿಗಿಟ್ಟುಕೊಳ್ಳಿ, ಚೆಲ್ಲಬೇಡಿ. ಬಾಡಿಸಿದ ಈರುಳ್ಳಿಗೆ ಹಾಕಿ 5 ನಿಮಿಷ ಸಾಕು, ಉಪ್ಪು ರುಚಿ ನೋಡಿ ಆಮೇಲೆ. ಕೆಸಡಿಯಾಗಿಂತ ಸೂಪಿಗೆ, ತೆಳು ದೋಸೆಯಂಥ ಕ್ರೆಪ್‌ನ ಹೂರಣಕ್ಕೆ ಅದು ಹೊಂದುತ್ತದೆ. ಅಲ್ಲಿ ಬಿಗಿ ಬೇಕಾಗಿಲ್ಲ, ಬಸಿದ ಕಪ್ಪು ರಸವೂ ಕೆಲಸಕ್ಕೆ ಬರುತ್ತದೆ.

ತವಾಮೇಲೆ:
ಮಡಿಕೆ ಸೀಳುವುದಕ್ಕೆ ಹೂರಣದಷ್ಟೇ ಹಿಟ್ಟೂ ಕಾರಣ. ಸುಣ್ಣದ ನೀರಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟು, ಅಂದರೆ ಮಾಸಾ ಹರೀನಾನೇ ಬೇಕು. ಬರೀ ಮೆಕ್ಕೆಜೋಳದ ಹಿಟ್ಟು ಒಗ್ಗೂಡುವುದಿಲ್ಲ. 250 ಗ್ರಾಂಗೆ ಸುಮಾರು 370 ಮಿಲಿಲೀಟರ್ ಬೆಚ್ಚಗಿನ ನೀರು, ನಾದಿ ಒದ್ದೆ ಬಟ್ಟೆ ಮುಚ್ಚಿ 20 ನಿಮಿಷ. ಉಂಡೆಯನ್ನು ಒತ್ತಿ ನೋಡಿ: ಅಂಚು ಬಿರಿದರೆ ಒಂದು ಚಮಚ ನೀರು, ಕೈಗೆ ಅಂಟಿದರೆ ಸ್ವಲ್ಪ ಹಿಟ್ಟು. 50 ಗ್ರಾಂನ 12 ಉಂಡೆ ಆಗುತ್ತವೆ. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ 14 ಸೆಂಟಿಮೀಟರ್ ಅಗಲಕ್ಕೆ ಒತ್ತಿ, ಇನ್ನೂ ತೆಳುವಾದರೆ ಹರಿಯುತ್ತದೆ.

ಹೂರಣ ಪೂರ್ತಿ ಆರಿರಬೇಕು. ಬಿಸಿಯಿದ್ದರೆ ಆವಿ ಹಿಟ್ಟನ್ನು ಮೆತ್ತಗೆ ಮಾಡುತ್ತದೆ. ಎರಡು ದೊಡ್ಡ ಚಮಚ, ಅಂಚಿನಲ್ಲಿ ಒಂದು ಸೆಂಟಿಮೀಟರ್ ಖಾಲಿ ಬಿಟ್ಟು, ಕೈಯಿಂದಲ್ಲ, ಪ್ಲಾಸ್ಟಿಕ್ ಹಾಳೆಯನ್ನೇ ಎತ್ತಿ ಮಡಚಿ. ಒಣ ಕಾವಲಿಯಲ್ಲಿ ಮಧ್ಯಮಕ್ಕಿಂತ ತುಸು ಜೋರು ಉರಿ, ಒಂದೊಂದು ಬದಿ ಸುಮಾರು 3 ನಿಮಿಷ. ತಾನಾಗಿ ಬಿಟ್ಟುಕೊಂಡ ಮೇಲೇ ತಿರುವಿ ಹಾಕಿ.

ಚೀಸ್ ಹಾಕಿದರೆ ಎಳೆಎಳೆಯಾಗಿ ಬಿಡಿಸಿದ ಒಅಹಾಕಾ ಚೀಸ್ 20 ಗ್ರಾಂ, ಅಷ್ಟೇ. ಮೆಕ್ಸಿಕೋ ಸಿಟಿಯಲ್ಲಂತೂ ಚೀಸ್ ಬೇಕೆಂದು ಕೇಳದಿದ್ದರೆ ಕೆಸಡಿಯಾ ಚೀಸ್ ಇಲ್ಲದೇ ಬರುವುದುಂಟು. ಹೂರಣ ಹದವಾಗಿದ್ದರೆ ಅದೇ ಹೆಚ್ಚು ರುಚಿ.

ಹಸಿತೆನೆ:
ಒಂದು ಕಿಲೋ ಒಟ್ಟಿಗೆ ಸಿಕ್ಕರೆ ಇಟ್ಟುಕೊಳ್ಳುವುದು ಹೇಗೆ?

ಕಾವಲಿಕಾವು:
ತೊಳೆಯದೆ, ಕಾಗದ ಹಾಸಿದ ಪಾತ್ರೆಯಲ್ಲಿ ಫ್ರಿಜ್‌ನಲ್ಲಿಟ್ಟರೆ 2–3 ದಿನ. ಪ್ಲಾಸ್ಟಿಕ್ ಚೀಲದಲ್ಲಿ ಬೆವತು ಲೋಳೆಯಾಗುತ್ತದೆ. ಹೆಚ್ಚು ದಿನಕ್ಕಾದರೆ ತಟ್ಟೆಯ ಮೇಲೆ ಬಿಡಿಬಿಡಿಯಾಗಿ ಹೆಪ್ಪುಗಟ್ಟಿಸಿ ಆಮೇಲೆ ಚೀಲಕ್ಕೆ ತುಂಬಿ. ಬೇಯಿಸುವಾಗ ಕರಗಲು ಬಿಡಬೇಡಿ, ಗಟ್ಟಿಯಿರುವಾಗಲೇ ನೇರವಾಗಿ ಬಿಸಿ ಬಾಣಲೆಗೆ ಹಾಕಿ. ಮುಚ್ಚಳ ತೆಗೆದ ಮೇಲಿನ ಹೊತ್ತು ಮೂರ್ನಾಲ್ಕು ನಿಮಿಷ ಹೆಚ್ಚು ಹಿಡಿಯುತ್ತದೆ.